ಅವ್ವನ ಅರಿವೆ, ನನ್ನ ಚೀಲ

ಬೂದಿಯಿಂದ ಪಾತ್ರೆ ತಿಕ್ಕುವುದನ್ನು ಅವ್ವನಿಗೆ ಬಿಡಿಸಿದವನು ನಾನು. ಕೆಲವು ವರ್ಷಗಳ ನಂತರ ಬೂದಿಯಿಂದಲೇ ತಿಕ್ಕಬೇಕೆಂದು ಉಪದೇಶ ಮಾಡಿದವನೂ ನಾನೇ. ಎರಡೂ ಸಲ ಅವ್ವ "ಹೂಂಪಾ" ಎಂದಳು. ನಡುವಿನ ವರ್ಷಗಳಲ್ಲೂ ಅವಳು ಬೂದಿ ಬಿಟ್ಟಿರಲೇ ಇಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಎಂಬತ್ತರ ದಶಕದಲ್ಲಿ ಕಾಗವಾಡದ ಕಡೆಯ ಒಂದು ಹೈಸ್ಕೂಲಿನಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಸಂಬಳದ ಜೊತೆ ಉಗಾರ ಬುದ್ರುಕದ ನಮ್ಮ ಮನೆಗೆ ಸುಧಾರಣೆಯೂ ಬಂತು. ತಾಮ್ರದ ಕೊಡ ಅಟ್ಟ ಸೇರಿ ಪ್ಲಾಸ್ಟಿಕ್ ಕೊಡ ಬಂತು. ಸಂತೆಗೆ ಒಯ್ಯುವ ಚೀಲ ಮೂಲೆಗೆ ಬಿದ್ದು ಕ್ಯಾರಿಬ್ಯಾಗ್ ಬಂತು. ಹಿತ್ತಲಲ್ಲಿ ಬಾವಿಯಿದ್ದರೂ ನಳ ಹಾಕಿಸಿದೆ. ಅದರ ಬಾಯಿಗೆ ಪ್ಲಾಸ್ಟಿಕ್ ಜಾಳಿಗೆ ಸಿಕ್ಕಿಸಿ, "ಇನ್ನ ನೀರ ಗಾಳಸೂ ತ್ರಾಸ ಇಲ್ಲವ್ವ" ಎಂದು ಘೋಷಿಸಿದೆ.

ನಾವು ಜೈನರು. ಬಾವಿಯ ನೀರನ್ನು ದಪ್ಪ ಬಿಳಿ ಅರಿವೆಯ ಎರಡು ಪದರಿನಲ್ಲಿ ಗಾಳಿಸಿ, ಸೋಸಿ ಕುಡಿಯುವುದು, ಅರಿವೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುವುದು ಅವ್ವನ ನೇಮ. ಹೊತ್ತು ಮುಳುಗಿದ ಮೇಲೆ ಅನ್ನವೂ ಇಲ್ಲ, ನೀರೂ ಇಲ್ಲ. ನಳದ ಮಾತಿಗೂ ಅವಳು "ಹೂಂಪಾ" ಎಂದಳು. ನಾನು ಏಳುವಷ್ಟರಲ್ಲಿ ಅವಳ ನೀರಿನ ಕೆಲಸ ಮುಗಿದಿರುತ್ತಿತ್ತು. ಹಾಗಾಗಿ ನೇಮವೂ ಮುಗಿಯಿತೆಂದು ನಾನು ತಿಳಿದೆ.

ತೊಂಬತ್ತರ ದಶಕದಲ್ಲಿ ಹೆಡ್‌ಮಾಸ್ತರರು ನನ್ನನ್ನು ಚಿಕ್ಕೋಡಿಗೆ ಪರಿಸರದ ತರಬೇತಿಗೆ ಕಳಿಸಿದರು. ಎರಡು ದಿನ ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ ಕುಡಿದು, ಪ್ಲಾಸ್ಟಿಕ್ಕಿನ ಅನಾಹುತಗಳನ್ನೆಲ್ಲ ಬರೆದು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಬಂದೆ. ಮನೆಯಲ್ಲಿ ಮತ್ತೊಂದು ಸುಧಾರಣೆ ಶುರುವಾಯಿತು. ನಾನೇ ತಂದದ್ದನ್ನೆಲ್ಲ ನಾನೇ ಬೈಯತೊಡಗಿದೆ. ಅಟ್ಟದಿಂದ ತಾಮ್ರದ ಕೊಡ ಇಳಿಸಿ, ಅದನ್ನು ಆಗಷ್ಟೇ ಕಂಡುಹಿಡಿದವನಂತೆ ಅವ್ವನಿಗೆ ತೋರಿಸಿದೆ.

ಅಷ್ಟರಲ್ಲಿ ಅಥಣಿಯಲ್ಲಿ ಮಾಸ್ತರರಿಗೆ ಒಂದು ಸ್ಪರ್ಧೆ ಇಟ್ಟರು. ಮನೆಯ ಹಳೆಯ ಬಟ್ಟೆಯಿಂದ ಚೀಲ ಹೊಲಿಸಿ ತಂದು, ಅದನ್ನು ಹಿಡಿದು ಭಾಷಣ ಮಾಡಬೇಕು. ಹಿಂದಿನ ದಿನ ಸಂಜೆ ಅವ್ವ ಬಸದಿಗೆ ಹೋದಾಗ ಹಿತ್ತಲ ತಂತಿಯ ಮೇಲಿದ್ದ ಬಿಳಿ ಅರಿವೆ ಕಣ್ಣಿಗೆ ಬಿತ್ತು. ನಳ ಬಂದ ಮೇಲೆ ನಿವೃತ್ತಿಯಾದ ಅರಿವೆ ಎಂದುಕೊಂಡು ಟೇಲರನಿಗೆ ಕೊಟ್ಟು ಅಂದೇ ರಾತ್ರಿ ಚೀಲ ಹೊಲಿಸಿಬಿಟ್ಟೆ. ನಿವೃತ್ತಿಯಾದದ್ದು ಯಾಕೆ ಒಗೆಸಿಕೊಂಡು ಒಣಗುತ್ತಿದೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಈ ಪರಿಸರ ಪಂಡಿತನಿಗೆ ಇರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೊರಟಾಗ ಅವ್ವ ಬಾವಿಯ ಹತ್ತಿರ ಏನೋ ಹುಡುಕುತ್ತಿದ್ದಳು.

"ನೋಡವ್ವ, ಹೆಂಗೈತಿ?" ಎಂದು ಚೀಲ ಎತ್ತಿ ತೋರಿಸಿದೆ.

ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಚಲೋ ಐತಿ. ಹೊತ್ತ ಮುಣಗೂದ್ರೊಳಗ ಬಾ."

ನನ್ನ ಊಟದ ಕಾಳಜಿ ಎಂದುಕೊಂಡೆ.

ಅಥಣಿಯಲ್ಲಿ ನನ್ನ ಭಾಷಣ ಅಬ್ಬರದಿಂದ ನಡೆಯಿತು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಗೂ ಬದುಕುವ ಹಕ್ಕಿದೆ ಎಂದು ಮೇಜು ಗುದ್ದಿದೆ. ಗಂಟಲು ಒಣಗಿದಾಗ ಎರಡು ಗ್ಲಾಸು ನೀರು ತರಿಸಿ ಕುಡಿದೆ. ಮೊದಲ ಬಹುಮಾನ ನನಗೇ ಬಂತು. ಬಹುಮಾನವೆಂದರೆ ಒಂದು ಪ್ಲಾಸ್ಟಿಕ್ ಜಗ್ಗು. ಅದಕ್ಕೆ ಪ್ಲಾಸ್ಟಿಕ್ ಹಾಳೆಯನ್ನೂ ಸುತ್ತಿದ್ದರು.

ಊರಿಗೆ ಬಂದಾಗ ಕಬ್ಬಿನ ಹೊಲಗಳ ಮೇಲೆ ಸೂರ್ಯ ಇನ್ನೂ ಸ್ವಲ್ಪ ಉಳಿದಿದ್ದ. ಪಕ್ಕದ ಜೈನರ ಮನೆಯ ಕಾಕು ಬಾಗಿಲಲ್ಲೇ ನನ್ನನ್ನು ತಡೆದಳು.

"ಏನಪಾ ಮಾಸ್ತರ, ನಿಮ್ಮವ್ವ ಮುಂಜಾನಿಂದ ಒಂದ ಹನಿ ನೀರ ಮುಟ್ಟಿಲ್ಲ. ಕೇಳಿದ್ರ ಉಪಾಸ ಅಂತಾಳ. ಇವತ್ತ ಅಷ್ಟಮಿನೂ ಅಲ್ಲ, ಚತುರ್ದಶಿನೂ ಅಲ್ಲ. ಎಂಥಾ ಉಪಾಸಪಾ ಇದು?"

ಕೈಯಲ್ಲಿದ್ದ ಚೀಲ ನೋಡಿದೆ. ಆ ಅರಿವೆ ನಿವೃತ್ತಿಯಾಗಿರಲೇ ಇಲ್ಲ. ಒಳಗೆ ಓಡಿದೆ. ಅವ್ವ ಗೋಡೆಗೆ ಒರಗಿ ಕುಳಿತಿದ್ದಳು, ತುಟಿಗಳು ಬಿರಿದಿದ್ದವು.

"ಯಾಕ ಹೇಳಲಿಲ್ಲವ್ವ? ಬ್ಯಾರೆ ಅರಿವಿ ಇರಲಿಲ್ಲೇನ?"

"ಉಟ್ಟ ಅರಿವಿ ನಡ್ಯಾಂಗಿಲ್ಲ."

"ಕಾಕುನ ಮನ್ಯಾಗ ನೀರ ಕೇಳಬೇಕಿತ್ತಲ್ಲವ್ವ?"

"ನಿನ್ನ ಅರಿವಿ ಎಲ್ಲಿ ಹೋತು ಅಂತಾಳ. ಕಲತ ಮಗ ಕತ್ತರಿಸಿ ಚೀಲ ಮಾಡ್ಯಾನ ಅನ್ನಲೇನ? ಅದೂ ನಿನ್ನ ಭಾಷಣದ ದಿನ?"

ನನಗೆ ಅಳು ಬಂತು. ಬ್ಲೇಡು ತಂದು ಚೀಲದ ಹೊಲಿಗೆ ಬಿಚ್ಚತೊಡಗಿದೆ.

"ಇದರಾಗ ಏನ ಹಾಕಿದ್ದಿ?" ಅವ್ವ ಕೇಳಿದಳು.

"ಭಾಷಣದ ಹಾಳಿ ಅಷ್ಟ."

"ಹಂಗಾರ ಖಾಲಿನ ಇತ್ತು ಬಿಡು."

ಟೇಲರನ ಕತ್ತರಿಗೆ ಸಿಕ್ಕು ಅರಿವೆ ಚಿಕ್ಕದಾಗಿತ್ತು. ಮಡಚಿದರೆ ಕೊಡಕ್ಕೆ ಸಾಲದು, ಒಂದು ತಂಬಿಗೆಯ ಬಾಯಿಗೆ ಸಾಕು. ನಾನು ಬಾವಿಯಿಂದ ನೀರು ಸೇದಿದೆ, ಅವ್ವ ಗಾಳಿಸಿದಳು. ತಂಬಿಗೆ ತುಂಬಿತು. ಸೂರ್ಯ ಕಬ್ಬಿನ ತುದಿಗೆ ತಾಗಿದ್ದ.

"ಲಗೂನ ಕುಡಿಯವ್ವ, ಹೊತ್ತ ಮುಣಗಾಕತ್ತೈತಿ!"

ಅವ್ವ ಕುಡಿಯಲಿಲ್ಲ. ಅರಿವೆಯನ್ನು ಬಕೀಟಿನ ಮೇಲೆ ತಿರುವಿ ಹಿಡಿದು, ಗಾಳಿಸಿದ ನೀರನ್ನೇ ಅದರ ಮೇಲೆ ಹನಿಹನಿಯಾಗಿ ಸುರಿದಳು. ಅರ್ಧ ತಂಬಿಗೆ ಅದಕ್ಕೇ ಹೋಯಿತು. ಬಕೀಟನ್ನು ಹಗ್ಗಕ್ಕೆ ಕಟ್ಟಿ, ಬಾವಿಯ ನೀರು ಮುಟ್ಟುವವರೆಗೆ ಸಪ್ಪಳವಾಗದಂತೆ ಇಳಿಸಿ, ಮೆಲ್ಲಗೆ ಓರೆ ಮಾಡಿದಳು. ಆಮೇಲೆ ಉಳಿದ ಅರ್ಧ ತಂಬಿಗೆಯನ್ನು ಎತ್ತಿ ಒಂದೇ ಉಸಿರಿಗೆ ಕುಡಿದಳು. ಹೊತ್ತು ಮುಳುಗಿತು.

ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಭಾಷಣದಾಗ ಏನೇನ ಹೇಳಿದ್ಯೋ?"

ನಾನು ಒದ್ದೆ ಅರಿವೆಯನ್ನು ಎತ್ತಿ ಹಿತ್ತಲ ತಂತಿಯ ಮೇಲೆ ಹರವಿದೆ.