ವಿಲ್ಫನ ನಂಬರು

ಕ್ಲಿಫರ್ಡ್ ಆಕ್ರಾಯ್ಡ್‌ಗೆ ಜಿಪುಣ ಅನ್ನಿ, ಹೆಂಡತಿಗೆ ಹೆದರುವವನು ಅನ್ನಿ, ನಕ್ಕು ಚಹಾ ಕುಡಿಯುತ್ತಿದ್ದ. ‘ನಕಲಿ’ ಎಂಬ ಒಂದು ಮಾತು ಮಾತ್ರ ಅವನಿಗೆ ನೇರ ಎದೆಗೆ ನಾಟುತ್ತಿತ್ತು. ಯಾರ್ಕ್‌ಷೈರಿನ ಆ ಉಣ್ಣೆ ಗಿರಣಿಗಳ ಊರಿನಲ್ಲಿ ಅವನು ಯೌವನವಿಡೀ ಮಗ್ಗದ ಬಿಡಿಭಾಗ ಕಡೆದವನು. ಗಿರಣಿ ಮುಚ್ಚಿದ ಮೇಲೂ ಕೈ ಸುಮ್ಮನಿರಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಕೂತು ಹಳೆಯ ಯುದ್ಧದ ಬಂದೂಕುಗಳ ತದ್ರೂಪಗಳನ್ನು ಮಾಡತೊಡಗಿದ.

ಊರ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ಸೆಸಿಲ್ ಬೂತ್. ಅವನ ಮನೆಯಲ್ಲಿದ್ದವೆಲ್ಲ ಅಪ್ಪನಿಂದ ಬಂದ ಅಸಲಿ ಮಾಲು. ಕ್ಲಿಫರ್ಡ್ ಬಾಗಿಲು ದಾಟುವುದೇ ತಡ, ಶುರು ಮಾಡುತ್ತಿದ್ದ. “ಏನಯ್ಯಾ ಕ್ಲಿಫ್, ಈ ಸಲ ಯಾವ ಆಟದ ಸಾಮಾನು?”

ಹಾಗಾಗಿ ಆಮೇಲೆ ಕೈಗೆತ್ತಿಕೊಂಡ ಸ್ನೈಪರ್ ಬಂದೂಕಿಗೆ ಕ್ಲಿಫರ್ಡ್ ತನ್ನ ಜೀವವನ್ನೇ ತೇಯ್ದ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಗುರಿಕಾರರು ಹಿಡಿದಿದ್ದಂಥದ್ದು. ಮೇಲೊಂದು ದುರ್ಬೀನು, ಕೆನ್ನೆ ಒರಗಿಸಲು ಮರದ ದಿಂಬು. ಹೊಸ ಬೀಚ್ ಮರಕ್ಕೆ ಚಹಾದ ಗಷ್ಟು, ಎಣ್ಣೆ, ಮಸಿ ಉಜ್ಜಿ ಐವತ್ತು ವರ್ಷದ ಬೆವರಿನ ಬಣ್ಣ ಬರಿಸಿದ. “ಆ ಮರಕ್ಕೆ ಉಜ್ಜಿದ್ದರಲ್ಲಿ ಕಾಲು ಭಾಗ ನನ್ನ ಸೊಂಟಕ್ಕೆ ಉಜ್ಜಿದ್ರೆ ನೋವಾದ್ರೂ ಹೋಗ್ತಿತ್ತು,” ಎಂದಳು ಹೆಂಡತಿ ಡೊರೀನ್.

ಆ ಬಂದೂಕುಗಳಿಗೊಂದು ಪದ್ಧತಿಯಿತ್ತು. ಬಂದೂಕಿಗೆ ಜೋಡಿಸಿದ ದುರ್ಬೀನಿನ ಸಂಖ್ಯೆಯನ್ನು ಮರದ ಹಿಡಿ ಕಿರಿದಾಗುವ ಕತ್ತಿನ ಮೇಲೂ ಒತ್ತುತ್ತಿದ್ದರು. ಎರಡನ್ನೂ ಒಂದಕ್ಕೊಂದು ಹೊಂದಿಸಿಟ್ಟ ಮೇಲೆ ಬೇರೆ ಮಾಡುವ ಹಾಗಿರಲಿಲ್ಲ. ಕ್ಲಿಫರ್ಡ್ ತಂದದ್ದು ಹೊಸದಾಗಿ ಮಾಡಿದ ದುರ್ಬೀನು, ಅದಕ್ಕೆ ಸಂಖ್ಯೆಯೇ ಇರಲಿಲ್ಲ. ಯಾವುದಾದರೊಂದು ಬೇಕಿತ್ತು. ತಲೆಯಲ್ಲಿ ಒಂದು ಸಿದ್ಧವಾಗಿಯೇ ಇತ್ತು: ೯೪೧೭.

ಅದು ಮುದುಕ ವಿಲ್ಫ್ ಸಗ್ಡನ್‌ನ ಬಂದೂಕಿನ ಸಂಖ್ಯೆ. ವಿಲ್ಫ್ ನಾರ್ಮಂಡಿಯಲ್ಲಿ ಗುರಿಕಾರನಾಗಿದ್ದವನು. ಕ್ಲಬ್ಬಿನಲ್ಲಿ ಎರಡನೇ ಲೋಟ ಬಿಯರ್ ಇಳಿದರೆ ಸಾಕು, ಆ ಸಂಖ್ಯೆಯನ್ನು ಜಪದ ಹಾಗೆ ಹೇಳುತ್ತಿದ್ದ. ಮಿಕ್ಕವರು ಕುರ್ಚಿ ಎಳೆದುಕೊಂಡು ದೂರ ಹೋಗುತ್ತಿದ್ದರು. ಕ್ಲಿಫರ್ಡ್ ಅದನ್ನೇ ಒತ್ತಿದ. ಇನ್ನೊಂದು ಪದ್ಧತಿಯೂ ಇತ್ತು, ಅದು ಪ್ರಾಮಾಣಿಕ ಕೆಲಸಗಾರರದು. ಮುಂದೆ ಯಾರೂ ಅಸಲಿ ಎಂದು ಮೋಸ ಹೋಗದಿರಲೆಂದು ಹಿಡಿಯ ತುದಿಯ ಹಿತ್ತಾಳೆ ತಗಡಿನ ಅಡಿಯಲ್ಲಿ ಮಾಡಿದವನು ತನ್ನ ಗುರುತು ಹಾಕಬೇಕು. ಕ್ಲಿಫರ್ಡ್ ಅದನ್ನು ಎಂದೂ ತಪ್ಪಿಸಿದವನಲ್ಲ. ಈ ಸಲ ಮಾತ್ರ ಆಮೇಲೆ ಹಾಕಿದರಾಯಿತು ಎಂದುಕೊಂಡ.

ಹಳೆಯ ಬಂದೂಕುಗಳನ್ನು ತಂದು ತೋರಿಸುವ ದಿನ ಅದನ್ನು ಕ್ಲಬ್ಬಿನ ಮೇಜಿನ ಮೇಲಿಟ್ಟ. ವಿಲ್ಫನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ನೋಡುವುದೆಲ್ಲ ಕೈಯಿಂದಲೇ. ಅವನ ಹೆಬ್ಬೆರಳು ಮರದ ಮೇಲೆ ಹರಿದಾಡಿ ಹಿಡಿಯ ಕತ್ತಿಗೆ ಬಂದು ನಿಂತಿತು. ಮತ್ತೊಮ್ಮೆ ತಡವಿತು.

“ಒಂಬತ್ತು... ನಾಕು... ಒಂದು... ಏಳು,” ಎಂದ. ಕಣ್ಣಿಂದ ನೀರು ಹರಿಯುತ್ತಿತ್ತು. “ಅಯ್ಯೋ, ಇದು ನಂದು ಕಣ್ರೋ. ನಂದೇ ಇದು!”

ಕ್ಲಿಫರ್ಡ್ ನಿಜ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಸೆಸಿಲ್ ಬೂತ್ ಬಂದು ಬಂದೂಕನ್ನು ತಿರುಗಿಸಿ ಮುರುಗಿಸಿ ನೋಡಿ, ಜೀವಮಾನದಲ್ಲಿ ಮೊದಲ ಸಲ ಮರ್ಯಾದೆಯಿಂದ ಕೇಳಿದ: “ಎಲ್ಲಿ ಸಿಕ್ತು ಮಾರಾಯಾ ಇದು?”

“ಒಬ್ಬ ರೈತನ ಅಟ್ಟದಲ್ಲಿ ಬಿದ್ದಿತ್ತು,” ಎಂದುಬಿಟ್ಟ ಕ್ಲಿಫರ್ಡ್.

ಬಾಯಿ ತಪ್ಪಿ ಬಂದ ಮಾತೆಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಅದೂ ಸುಳ್ಳು. ಆ ಗಳಿಗೆ ಅವನಿಗೆ ಖುಷಿಯಾಗಿತ್ತು. ಮುದುಕನೊಬ್ಬ ಎದುರಿಗೆ ನಿಂತು ಅಳುತ್ತಿದ್ದರೆ ಇವನಿಗೆ ತನ್ನ ಕೆಲಸ ಗೆದ್ದಿತೆಂಬ ಹಿಗ್ಗು. ಮನೆಗೆ ಬಂದು ಅದು ನೆನಪಾದಾಗ ನಾಚಿಕೆಯಿಂದ ಮುಖ ಉರಿಯಿತು. ಡೊರೀನ್ ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು.

ಮುಂದಿನ ಭಾನುವಾರ ಬಂದೂಕು ತಗೊಂಡು ಮನೆಗೆ ಬಾ ಎಂದು ವಿಲ್ಫ್ ಹೇಳಿ ಕಳಿಸಿದ. ನಿಜ ಹೇಳಿ ಬರೋಣವೆಂದೇ ಕ್ಲಿಫರ್ಡ್ ಹೊರಟದ್ದು. ವಿಲ್ಫ್ ಮೇಜಿನ ಮೇಲೆ ಹಂದಿಮಾಂಸದ ಪೈ ಕೊಯ್ದಿಟ್ಟು ಕಾಯುತ್ತಿದ್ದ. ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅವನೇ ಮೊದಲು ಮಾತು ತೆಗೆದ.

“ಇದನ್ನ ನನ್ನ ಹೆಂಡ್ತಿಗೂ ಹೇಳ್ದೆ ಅವಳನ್ನ ಮಣ್ಣು ಮಾಡಿದೀನಿ ಹುಡುಗಾ. ಒಂದು ಹಳ್ಳಿ. ಅಲ್ಲಿ ಬಾವಿ. ಜರ್ಮನ್ ಸಿಪಾಯಿ ಒಬ್ಬ, ಇನ್ನೂ ಮೀಸೆ ಮೂಡಿರ್ಲಿಲ್ಲ, ನೀರು ಸೇದ್ತಿದ್ದ. ಕೊಲ್ಲೋದು ಬೇಡ ಅನ್ನಿಸ್ತು. ತಲೆ ಮೇಲಿನ ರಾಟೆಗೆ ಹೊಡೆದು ಓಡಿಸೋಣ ಅಂತ ಹೊಡೆದೆ. ಎದೆಗೆ ಬಿತ್ತು.”

ಅರವತ್ತು ದಾಟಿದ ‘ಹುಡುಗ’ ಕ್ಲಿಫರ್ಡ್ ಕೈಲಿದ್ದ ಪೈ ತುಂಡನ್ನು ತಟ್ಟೆಗೆ ವಾಪಸಿಟ್ಟ.

“ಹಿಂದಿನ ದಿನ ಬಂದೂಕು ಲಾರಿಯಿಂದ ಬಿದ್ದಿತ್ತು. ದುರ್ಬೀನು ಅಲುಗಾಡಿ ಕೆಳಗೆ ಹೊಡೀತು, ನನ್ನ ಕೈ ತಪ್ಪಲ್ಲ ಅಂತ ಹೇಳ್ಕೊಂಡೇ ಬದುಕಿದೀನಿ. ಅಟ್ಟದಲ್ಲಿ ಬಿದ್ದಿತ್ತು ಅಂದ್ಯಲ್ಲ, ಆಮೇಲೆ ಯಾರೂ ಮುಟ್ಟಿರಲ್ಲ. ಮೈದಾನಕ್ಕೆ ಹೋಗಿ ಒಂದು ಗುಂಡು ಹೊಡೆದು ನೋಡಪ್ಪ. ಕೆಳಗೆ ಹೋಗುತ್ತಾ, ನೇರ ಹೋಗುತ್ತಾ? ನಂಗೆ ಅಷ್ಟು ಗೊತ್ತಾಗ್ಬೇಕು.”

ತಾನು ಹೆಣೆದ ಸುಳ್ಳು ತನ್ನ ಕೊರಳಿಗೇ ಬಿತ್ತು. ಆ ಬಂದೂಕಿನ ಗುರಿ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸಿದವನು ಕ್ಲಿಫರ್ಡನೇ. ಈಗ ನಿಜ ಹೇಳಿದರೆ, ಒಬ್ಬ ಮುದುಕನ ಎದೆಯ ಗುಟ್ಟನ್ನು ಮೋಸದಿಂದ ಕಕ್ಕಿಸಿದ ಹಾಗೆ. ಹೇಳದೆ ಹೊಡೆದರೆ ಗುಂಡು ನೇರ ಹೋಗುತ್ತದೆ, ವಿಲ್ಫ್ ಕೊಲೆಗಾರ. ಮರುದಿನ ಬೆಳಗ್ಗೆ ಮೈದಾನಕ್ಕೆ ಹೊರಡುವ ಮುನ್ನ ಶೆಡ್ಡಿಗೆ ಹೋಗಿ ಗುಂಡು ಕೆಳಗೆ ಬೀಳುವಂತೆ ದುರ್ಬೀನಿನ ತಿರುಪನ್ನು ಸ್ವಲ್ಪ ತಿರುಗಿಸಿದ.

ಮೈದಾನದಲ್ಲಿ ಅವರಿಬ್ಬರೇ. ಕ್ಲಿಫರ್ಡ್ ಮಲಗಿ ಹೊಡೆದ. ಗುರಿಯ ಕಾಗದ ತಂದು ವಿಲ್ಫನ ಬೆರಳನ್ನು ತೂತಿನ ಮೇಲಿಟ್ಟ.

“ಒಂದು ಗೇಣು ಕೆಳಗೆ, ವಿಲ್ಫ್.”

ಮುದುಕನ ಮುಖ ಅರಳಿತು. ಆ ಅರಳಿದ ಮುಖವನ್ನು ನೋಡಲಾರದೆ ಕ್ಲಿಫರ್ಡ್ ತಲೆ ತಗ್ಗಿಸಿದ. ತಲೆ ಎತ್ತುವಷ್ಟರಲ್ಲಿ ಅದು ಬಾಡಿಹೋಗಿತ್ತು.

“ಇದು ನಂದಲ್ಲ,” ಎಂದ ವಿಲ್ಫ್, ಮೆಲ್ಲಗೆ. “ಆವತ್ತು ಸಂಜೆನೇ ಒಂದು ಬಿಸ್ಕತ್ತಿನ ಡಬ್ಬ ಇಟ್ಟು ಹೊಡೆದು ನೋಡಿದ್ದೆ. ನಟ್ಟನಡುವೆ ಬಿತ್ತು, ಬಂದೂಕು ಸರಿಯಾಗೇ ಇತ್ತು. ಅದನ್ನ ಮರೆತೇ ಬಿಟ್ಟಿದೀನಿ ಅಂದ್ಕೊಂಡಿದ್ದೆ ನೋಡು, ಮರೆತಿರ್ಲಿಲ್ಲ.” ಬೆರಳನ್ನು ತೂತಿನಿಂದ ತೆಗೆದು ಕೇಳಿದ: “ಯಾರು ಮಾಡಿದ್ದು?”

“ನಾನೇ. ತಿರುಪೂ ನಾನೇ ತಿರುಗಿಸ್ದೆ. ತಪ್ಪಾಯ್ತು ವಿಲ್ಫ್.”

ವಿಲ್ಫ್ ಬೈಯುತ್ತಾನೆಂದು ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುದುಕ ಬಂದೂಕನ್ನು ಮತ್ತೊಮ್ಮೆ ತುದಿಯಿಂದ ತುದಿಗೆ ಸವರಿದ.

“ಕೆಲ್ಸ ಮಾತ್ರ ಚೆನ್ನಾಗಿದೆ,” ಎಂದ.

ಜೀವಮಾನವಿಡೀ ಯಾರಾದರೂ ಅನ್ನಲಿ ಎಂದು ಬಯಸಿದ ಮಾತು. ಕ್ಲಿಫರ್ಡ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕ್ಲಿಫರ್ಡ್ ಅವನನ್ನು ಕೈ ಹಿಡಿದು ಕಾರಿನ ತನಕ ಕರೆತಂದ. ಒಳಗೆ ಕೂತ ಮೇಲೆ ವಿಲ್ಫ್ ಮಂಜುಗಣ್ಣನ್ನು ಇವನತ್ತ ತಿರುಗಿಸಿದ.

“ತಗಡಿನ ಕೆಳಗೆ ನಿನ್ನ ಗುರುತು ಹಾಕಿದೀಯಾ?”

“ಇಲ್ಲ.”

“ಹಾಕು. ಆ ತಿರುಪನ್ನೂ ಮೊದಲಿದ್ದ ಜಾಗಕ್ಕೆ ತಿರುಗಿಸಿಬಿಡು ಹುಡುಗಾ. ಒಂಬತ್ತು ನಾಕು ಒಂದು ಏಳು ಯಾವತ್ತೂ ಗುರಿ ತಪ್ಪಿದ್ದಲ್ಲ.”