ಹಲಸಿಯ ಗೌಂಡಿ ರಸೂಲಸಾಬ

ಖಾನಾಪುರ ತಾಲೂಕಿನ ಹಲಸಿಯಲ್ಲಿ ರಸೂಲಸಾಬ ಗೌಂಡಿ ಕೆಲಸ ಮಾಡುತ್ತಿದ್ದ. ಎಪ್ಪತ್ತರ ದಶಕದಲ್ಲಿ ಆ ಊರಲ್ಲಿ ಎದ್ದ ಹೊಸ ಗೋಡೆಗಳಲ್ಲಿ ಹೆಚ್ಚಿನವು ಅವನು ಕಟ್ಟಿದವು. ಕಲ್ಲಿಗಾಗಿ ಅವನು ಎಲ್ಲಿಗೂ ಹೋಗಬೇಕಿರಲಿಲ್ಲ. ಯಾರ ಹೊಲ ಅಗೆದರೂ ಕಡೆದ ಕಲ್ಲು ಸಿಗುತ್ತಿತ್ತು. ಒಂದು ಕಾಲಕ್ಕೆ ಹಲಸಿ ಕದಂಬರ ರಾಜಧಾನಿ. ಬನವಾಸಿ ಬಿಟ್ಟರೆ ಅವರ ಗಾದಿ ಇಲ್ಲಿಯೇ. ಅರಸರು ಬಸದಿಗೆ ಉಂಬಳಿ ಕೊಟ್ಟರು, ಗುಡಿಗಳು ಎದ್ದವು. ಮುಂದೆ ಆಳುವವರು ಬದಲಾದರು, ಅಧಿಕಾರ ಬೇರೆ ಊರು ಹಿಡಿಯಿತು, ಪೇಟೆಯೂ ಅದರ ಬೆನ್ನು ಹತ್ತಿ ಹೋಯಿತು. ಉಳಿದದ್ದು ಗುಡಿಗಳು ಮತ್ತು ಮಣ್ಣೊಳಗಿನ ಕಲ್ಲು. ಇದನ್ನೆಲ್ಲ ಅವನಿಗೆ ಹೇಳಿದವರು ಊರಿನ ಜೈನ ರೈತ ಬಾಹುಬಲಿ. ಅರಸರ ಚಿಂತೆ ತನಗೇಕೆ ಎಂದು ರಸೂಲಸಾಬ ನಕ್ಕಿದ್ದ.

೧೯೭೮ರ ಬೇಸಿಗೆಯಲ್ಲಿ ಬಾಹುಬಲಿಯವರೇ ದನದ ಕೊಟ್ಟಿಗೆ ಕಟ್ಟಲು ಅವನನ್ನು ಕರೆದರು. ಬುನಾದಿ ತೋಡುವಾಗ ಒಂದು ಹೊಸ್ತಿಲು ಸಿಕ್ಕಿತು, ನಡುವೆ ತುಳಿದು ತುಳಿದು ಸವೆದದ್ದು. ಅದರಾಚೆ ಒಂದು ಒರಳು. ರಸೂಲಸಾಬ ಅದರ ಕುಳಿಯೊಳಗೆ ಕೈಯಿಟ್ಟ. ಮನೆಯಲ್ಲಿ ಹೆಂಡತಿ ಮದರಬೀ ಖಾರ ಕುಟ್ಟುವ ಒರಳೂ ಹೀಗೇ ಒಂದೇ ಕಡೆ ಸವೆದಿತ್ತು. ಸುತ್ತಿಗೆ ಎತ್ತಲು ಅವನಿಗಾಗಲಿಲ್ಲ.

"ಸಾವಕಾರ್ರ, ಇದು ಅರಸರದಲ್ಲರಿ," ಎಂದ. "ನಮ್ಮಂಥವರ ಮನಿ ಐತಿ. ಒಡ್ಯಾಕ ಮನಸ್ಸ ಬರವಲ್ದು."

ಮಳೆ ಬರುವುದರೊಳಗೆ ಕೊಟ್ಟಿಗೆ ಆಗಬೇಕಿತ್ತು. ಕಲ್ಲು ಒಡೆಯದ ಗೌಂಡಿ ಯಾತಕ್ಕೆ ಬೇಕೆಂದು ಬಾಹುಬಲಿ ಸಿಟ್ಟಾಗಿ ಅವನನ್ನು ಕಳಿಸಿಬಿಟ್ಟರು. ಮರುದಿನ ತಾವೇ ಆ ಅಗೆತದ ದಂಡೆಯಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ಹೊಸ್ತಿಲಿನ ಮೇಲೆ ಮಣ್ಣು ಮುಚ್ಚಿಸಿ, ಬೇರೆ ಗೌಂಡಿಯಿಂದ ಬಾಜುವಿನ ಜಾಗದಲ್ಲಿ ಕೊಟ್ಟಿಗೆ ಕಟ್ಟಿಸಿದರು. ರಸೂಲಸಾಬನಿಗೆ ಮಾತ್ರ ಹೇಳಿ ಕಳಿಸಲಿಲ್ಲ.

ಇನ್ನು ಯಾರ ಹೊಲದ ಕಲ್ಲೂ ಮುಟ್ಟುವುದಿಲ್ಲ ಎಂದವನಿಗೆ ಊರಲ್ಲಿ ಕೆಲಸ ಕಡಿಮೆಯಾಯಿತು. ಮಂದಿ ನಕ್ಕರು. ಮದರಬೀ ನಗಲಿಲ್ಲ. ಬೆಳಗಾವಿಯಲ್ಲಿ ಹೊಸದಾಗಿ ಸುಟ್ಟ ಇಟ್ಟಂಗಿಯಿಂದ ಕಟ್ಟುತ್ತಾರಂತೆ, ಇಟ್ಟಂಗಿಯಲ್ಲಿ ಮೊದಲು ಯಾರೂ ಬಾಳಿರುವುದಿಲ್ಲ, ಅಲ್ಲಿಗೆ ಹೋಗು ಎಂದಳು.

ಬೆಳಗಾವಿಯ ಹಿಂದವಾಡಿ ಬಡಾವಣೆ ಆಗ ಬೆಳೆಯುತ್ತಿತ್ತು. ರಸೂಲಸಾಬ ಅಲ್ಲಿಯೇ ದುಡಿಯುತ್ತ, ವಾರಕ್ಕೊಮ್ಮೆ ಬಸ್ಸು ಹಿಡಿದು ಊರಿಗೆ ಬರುತ್ತಿದ್ದ. ನಿನ್ನೆ ಜೋಳವಿದ್ದ ಕಡೆ ಇಂದು ಓಣಿ, ದೀಪ, ಕಿರಾಣಿ ಅಂಗಡಿ. ಹಲಸಿಯೂ ಒಮ್ಮೆ ಹೀಗೇ ಗದ್ದಲವಾಗಿ ಬೆಳೆದಿರಬೇಕು ಎಂದು ಅವನಿಗೆ ಅನಿಸುತ್ತಿತ್ತು. ಹಾಗೆ ಅನಿಸಿದ ದಿನ ಊಟ ರುಚಿಸುತ್ತಿರಲಿಲ್ಲ.

೧೯೮೫ರಲ್ಲಿ ಒಂದು ಮಧ್ಯಾಹ್ನ ಬಾಹುಬಲಿ ಅವನನ್ನು ಹುಡುಕಿಕೊಂಡು ಅವನ ಕೆಲಸದ ಜಾಗಕ್ಕೆ ಬಂದರು, ಕೂದಲು ಪೂರಾ ಬೆಳ್ಳಗಾಗಿತ್ತು. ಇಬ್ಬರೂ ಉಸುಕಿನ ಗುಂಪಿಯ ಮೇಲೆ ಕುಳಿತರು. ಮಗಳು ರತ್ನಮಾಲಾ ಹಿಂದವಾಡಿಯಲ್ಲಿ ಜಾಗ ತಗೊಂಡಿದ್ದಾಳೆಂದು ಅವರು ಹೇಳಿದರು.

"ಮನಿ ನೀನ ಕಟ್ಟಬೇಕ ರಸೂಲ," ಎಂದರು. "ಬ್ಯಾರೆಯವರ ಕೈಯಾಗ ಕೊಡಾಕ ಆಕಿಗೂ ಮನಸ್ಸಿಲ್ಲ, ನನಗೂ ಇಲ್ಲ."

ರಸೂಲಸಾಬ ಕೇಳಿದ, "ನಿಮ್ಮ ಹೊಲದಾಗಿನ ಆ ಮನಿ ಹಂಗ ಐತೇನ್ರಿ?"

"ಐತಿ. ಮ್ಯಾಲೆ ಹುಲ್ಲ ಬೆಳದೈತಿ. ನೇಗಿಲ ಹಾಯಿಸಿಲ್ಲ."

ಮುಂದಿನ ಮಳೆಗಾಲದೊಳಗೆ ರತ್ನಮಾಲಾಳ ಮನೆ ಎದ್ದಿತು. ಗೃಹಪ್ರವೇಶಕ್ಕೆ ರಸೂಲಸಾಬ ಮದರಬೀಯನ್ನೂ ಕರೆತಂದ. ಗಂಡ ಹೆಂಡತಿ ಊಟಕ್ಕೆ ಕುಳಿತಾಗ ಬಾಹುಬಲಿ, ಬಡಿಸುತ್ತಿದ್ದ ತಮ್ಮ ಮಗನ ಕೈಯಿಂದ ಬುಟ್ಟಿ ಇಸಿದುಕೊಂಡು, ಅವರಿಬ್ಬರಿಗೂ ತಾವೇ ಹೋಳಿಗೆ ಬಡಿಸಿದರು.