ಊರು ಬಿಡದ ಡಬ್ಬಿ

ಹೋದ ವಾರ ರೋಣದ ಬಜಾರಿನಲ್ಲಿ ಅಂಗಡಿಯವನು ಗಜೇಂದ್ರಗಡದ ಸೀರೆಯೊಂದನ್ನು ನನ್ನ ಮುಂದೆ ಬಿಡಿಸಿದ. ಮಡಿಕೆ ಬಿಚ್ಚುತ್ತಲೇ ಗಂಜಿಯ ಹುಳಿವಾಸನೆ ಮೂಗಿಗೆ ಬಡಿಯಿತು. ಬಣ್ಣ ಚೆನ್ನಾಗಿತ್ತು, ಅಂಚೂ ಚೆನ್ನಾಗಿತ್ತು. ಆದರೂ ಎಲ್ಲಿಲ್ಲದ ಸಿಟ್ಟು ಬಂದು, "ಬ್ಯಾಡ್ರಿ, ಮಡಚಿಡ್ರಿ" ಎಂದು ಎದ್ದುಬಂದೆ. ಪಾಪ, ಅವನದೇನು ತಪ್ಪು... ಆ ವಾಸನೆ ನಮ್ಮ ಎದುರುಮನೆ ವೈನಿಯದು.

ಗಜೇಂದ್ರಗಡದ ಹತ್ತಿರದ ನಮ್ಮ ಊರಿನಲ್ಲಿ ಅವರದು ಕೈಮಗ್ಗದ ಮನೆ. ಗಂಡ ನೇಯುತ್ತಿದ್ದ, ವೈನಿ ನೂಲಿಗೆ ಗಂಜಿ ಹಚ್ಚುತ್ತಿದ್ದರು. ರಕ್ತಸಂಬಂಧವೇನಿಲ್ಲ. ಅತ್ತಿಗೆಯನ್ನು ಕರೆದ ಹಾಗೆ ನಾನು ವೈನಿ ಎನ್ನುತ್ತಿದ್ದೆ, ಅವರು ತಂಗಿ ಎನ್ನುತ್ತಿದ್ದರು. ಓಣಿಯ ನಳದ ಮುಂದೆ ಅವರ ಕೊಡವನ್ನು ಹಿಂದೆ ಸರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು, ಅಂಥ ಹೆಂಗಸು ಕೆಮ್ಮಿ ಕೆಮ್ಮಿ ಒಣಗಿಹೋದರು. ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಎಂದು ಗೊತ್ತಾಯಿತು.

ನಾನಾಗ ಅಲ್ಲಿಯೇ ಅಂಗನವಾಡಿ ಟೀಚರ್. ಮಕ್ಕಳ ಉಪ್ಪಿಟ್ಟಿನ ಜೊತೆಗೆ ಟಿಬಿ ಗುಳಿಗೆಯನ್ನೂ ನಮ್ಮ ತಲೆಗೇ ಕಟ್ಟಿದ್ದರು. ರೋಗಿಯ ಹೆಸರು ಬರೆದ ಒಂದು ಡಬ್ಬಿ, ಅದರೊಳಗೆ ಆರು ತಿಂಗಳ ಔಷಧ. ಡಬ್ಬಿ ಅಂಗನವಾಡಿಯ ಕಪಾಟಿನಲ್ಲಿ, ನನ್ನ ಬೀಗದೊಳಗೇ ಇರಬೇಕು. ರೋಗಿ ದಿನ ಬಿಟ್ಟು ದಿನ ಬಂದು ನನ್ನ ಕಣ್ಣೆದುರೇ ನುಂಗಬೇಕು. ಮನೆಗೆ ಕೊಟ್ಟರೆ ಅರ್ಧಕ್ಕೆ ಬಿಡುತ್ತಾರೆ ಎಂಬುದು ಸರ್ಕಾರದ ಅನುಮಾನ. ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಆದರೆ ನಿಯಮ ಮಾಡಿದ ಪುಣ್ಯಾತ್ಮರು ರೋಗಿಗೆ ಹೊಟ್ಟೆಯೂ ಇದೆ, ಕಾಲೂ ಇವೆ ಎಂಬುದನ್ನು ಮರೆತಿದ್ದರು.

ಮೊದಲ ದಿನವೇ ವೈನಿ ಬೈಯುತ್ತ ಓಡಿಬಂದಿದ್ದರು. ಆ ಗುಳಿಗೆ ನುಂಗಿದರೆ ಮೂತ್ರ ಕೆಂಪಾಗುತ್ತದೆ, ನಾನು ಮೊದಲೇ ಹೇಳಿರಲಿಲ್ಲ. "ಏಸ್ ಬಣ್ಣದ ನೂಲು ನೋಡೀನಿ, ಇಂಥಾದ್ದು ನೋಡಿಲ್ಲ ತಂಗಿ. ನನ್ನ ಕೊಲ್ಲಾಕ ಹೊಂಟೀಯೇನ?" ಎಂದಿದ್ದರು. ಇಬ್ಬರೂ ನಕ್ಕೆವು. ಆರು ವಾರ ಒಂದು ದಿನವೂ ತಪ್ಪಿಸಲಿಲ್ಲ. ಮುಖಕ್ಕೆ ಕಳೆ ಬಂತು, ನಳದ ಮುಂದೆ ಮತ್ತೆ ಅವರ ದನಿ ಏರಿತು.

ಅಷ್ಟರಲ್ಲಿ ನೂಲಿನ ದರ ಏರಿ ಮಗ್ಗ ನಿಂತಿತು. ಓಣಿಯ ಅರ್ಧ ಜನ ಹೋಗುವ ಹಾಗೆ ಇವರೂ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೊರಟರು. ಡಬ್ಬಿಯನ್ನು ಅಲ್ಲಿಗೆ ವರ್ಗ ಮಾಡಿಸಲು ನಾನೇ ವೈನಿಯನ್ನು ದವಾಖಾನೆಗೆ ಕರೆದೊಯ್ದೆ. ಮೇಜಿನ ಹಿಂದಿದ್ದವನು ಫಾರಂ ತೆಗೆದು, "ಅಲ್ಲಿ ವಿಳಾಸ ಹೇಳ್ರಿ" ಎಂದ.

"ನಾವು ಕಟ್ಟೂ ಬಿಲ್ಡಿಂಗನ ನಮ್ಮ ಮನೀರಿ. ಅದು ಮುಗದಮ್ಯಾಲೆ ಮುಂದಿನ ಬಿಲ್ಡಿಂಗು" ಎಂದರು ವೈನಿ.

"ವಿಳಾಸ ಇಲ್ಲಂದ್ರ ಕಳಸಾಕ ಬರಂಗಿಲ್ಲ. ಗುಳಿಗಿ ಮುಗಿಯೂತನಾ ಇಲ್ಲೇ ಇರ್ರಿ."

"ಇರ್ತೀನ್ರಿ. ಹೊಟ್ಟಿನೂ ಇಲ್ಲೇ ಇರತೈತಿ. ಅದಕ್ಕೇನ ಹಾಕ್ಲಿ?"

ಅವನು ಫಾರಂ ವಾಪಸ್ ಇಟ್ಟ. ಹೊರಡುವ ಬೆಳಗ್ಗೆ ವೈನಿ ಅಂಗನವಾಡಿಗೆ ಬಂದು ಡಬ್ಬಿ ಕೇಳಿದರು. "ನಿಮ್ಮಣ್ಣನ ಮುಂದ ನುಂಗತೀನಿ, ಆಣಿ ಮಾಡ್ತೀನಿ" ಎಂದರು. ನಾನು ನಿಯಮ ಹೇಳಿದೆ. ನುಂಗಿದ ಗುಳಿಗೆಗಳ ಖಾಲಿ ಪಟ್ಟಿಗಳನ್ನು ಸಾಹೇಬರಿಗೆ ತೋರಿಸಬೇಕು, ಕೆಲಸ ಹೋಗುತ್ತದೆ ಎಂದೆ. ವೈನಿ, "ನಿನ್ನ ಮುಂದ ನುಂಗಿದ್ದಕ್ಕ ಗುಣ ಆಗೂದಿಲ್ಲ ತಂಗಿ, ನುಂಗಿದ್ದಕ್ಕ ಗುಣ ಆಗೂದು" ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ.

ಪಂಚಮಿಗೆ ವೈನಿ ಊರಿಗೆ ಬಂದಾಗ ಅವರ ಗುರುತೇ ಸಿಗಲಿಲ್ಲ. ನಾನು ಅಂಗನವಾಡಿಯ ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಏದುಸಿರು ಬಿಡುತ್ತ ಕೂತಿದ್ದರು. ಗೋವಾದಲ್ಲಿ ಗುಳಿಗೆ ಕೇಳಿದರೆ, ಊರಲ್ಲಿ ಡಬ್ಬಿ ಇದೆಯಲ್ಲ, ಅಲ್ಲಿಯೇ ನುಂಗು ಎಂದರಂತೆ. ಅದನ್ನು ಹೇಳಿ ಅಂಗೈ ಚಾಚಿದರು. ಆದರೆ ಡಬ್ಬಿಯನ್ನು ದವಾಖಾನೆಯವರು ಆಗಲೇ ಒಯ್ದಿದ್ದರು. ನನ್ನ ಬಳಿ ಉಳಿದಿದ್ದ ಚಿಕಿತ್ಸೆಯ ಚೀಟಿಯಲ್ಲಿ ವೈನಿಯ ಹೆಸರಿನ ಮುಂದೆ 'ಅರ್ಧಕ್ಕೆ ಬಿಟ್ಟವರು' ಎಂದು ಬರೆದಿತ್ತು. ಓದಿ ಹೇಳಿದೆ.

"ನಾ ಎಲ್ಲಿ ಬಿಟ್ಟೆ? ಬೇಡ್ಕೊಂಡ ಹೋಗಿದ್ನಲ್ಲ" ಎಂದರು.

ಮೊದಲಿನಿಂದ ಶುರು ಮಾಡಬೇಕು, ಈ ಸಲ ಎರಡು ತಿಂಗಳು ಇಂಜೆಕ್ಷನ್ ಬೇರೆ ಎಂದರು ದವಾಖಾನೆಯಲ್ಲಿ. ಮೂರು ಇಂಜೆಕ್ಷನ್ ಆದವು. ಆಮೇಲೆ ಮೇಸ್ತ್ರಿ ಕರೆದನೆಂದು ಗಂಡ ಹೆಂಡತಿ ಮತ್ತೆ ಗೋವಾದ ಬಸ್ಸು ಹತ್ತಿದರು. ದೀಪಾವಳಿಗೆ ಗಂಡ ಒಬ್ಬನೇ ಬಂದ. ಮಣ್ಣೂ ಅಲ್ಲಿಯೇ ಆಯಿತಂತೆ... ಅಲ್ಲಿ ಹೂಳುವುದಕ್ಕೆ ಯಾರೂ ವಿಳಾಸ ಕೇಳಲಿಲ್ಲವೆಂದು ಕಾಣುತ್ತದೆ.

ಈಗ ಆ ಅಂಗನವಾಡಿಯಲ್ಲಿ ಬೇರೊಬ್ಬ ಹುಡುಗಿ ಇದ್ದಾಳೆ. ತಿಂಗಳ ಗುಳಿಗೆಯನ್ನು ಮನೆಗೇ ಕೊಡುತ್ತಾರಂತೆ, ದುಡಿಯಲು ಹೋಗುವವರ ಚೀಲಕ್ಕೂ ಹಾಕಿ ಕಳಿಸುತ್ತಾರಂತೆ. "ನುಂಗತಾರಂತ ಹ್ಯಾಂಗ ಗೊತ್ತಾಗತೈತಿ?" ಎಂದು ಕೇಳಿದೆ. "ಫೋನ್ ಹಚ್ಚಿ ಕೇಳ್ತೀನ್ರೀ ಅಕ್ಕಾರ. ಹೂಂ ಅಂತಾರ" ಎಂದಳು. ಇಷ್ಟೇ ಆಗಿತ್ತೇ ಎನಿಸಿ ಮೈ ಉರಿಯಿತು. ಸರ್ಕಾರವನ್ನು ಅಂದಿನಿಂದ ಬಯ್ಯುತ್ತಲೇ ಇದ್ದೇನೆ, ಬಿಡುವುದೂ ಇಲ್ಲ. ಆದರೆ ವೈನಿ ಡಬ್ಬಿ ಕೇಳಿದ ಆ ಬೆಳಗ್ಗೆ ಕಪಾಟಿನ ಕೀಲಿ ಸರ್ಕಾರದ ಹತ್ತಿರ ಇರಲಿಲ್ಲ. ನನ್ನ ಸೊಂಟದಲ್ಲಿತ್ತು.